ಹದಿನಾಲ್ಕನೆಯ ಪಾಠ

ಹೊರದೇಶದವರಿಗೆ ಕನ್ನಡ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಕಾಣಲು ನಮ್ಮೂರು ಹಡಗಲಿಗೆ ಬಂದಿದ್ದಳು. ಯಾವ ಟೇಪ್ ರೆಕಾರ್ಡರ್ ಕೊಳ್ಳಬೇಕು, ಯಾವ ಕ್ಯಾಸೆಟ್ ಬಾಳಿಕೆ ಬರುತ್ತದೆ, ಮೈಕನ್ನು ಎಷ್ಟು ದೂರದಲ್ಲಿ ಇಡಬೇಕು ಎಂದು ಕೇಳಿದಳು. ಗೊತ್ತಿದ್ದುದನ್ನು ಹೇಳಿದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೊಸಪೇಟೆಯ ಬಸ್ಸು ಹಿಡಿದಳು. ಅವಳು ಕೇಳದೆ ಹೋದದ್ದು, ನಾನಾಗಿ ಹೇಳಬೇಕಾಗಿದ್ದದ್ದು ಒಂದಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದು. ಮೂವತ್ತೈದು ತುಂಬುವ ಮೊದಲೇ ಕೆಲಸ ಬಿಟ್ಟವಳು ನಾನು. ಆದರೆ ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲವಾದ್ದರಿಂದ ಬೇರೆ ಮಾತು ತೋಚುತ್ತಿಲ್ಲ. ನನ್ನ ಮನೆಯ ಸಂಗತಿಗಳು ಈ ಬರಹದಲ್ಲಿ ಬರುವುದಿಲ್ಲ. ಕೆಲಸದ್ದು ಮಾತ್ರ.

ಎಂ.ಎ. ಮುಗಿಸಿ ಧಾರವಾಡದಿಂದ ಊರಿಗೆ ಬಂದ ವರ್ಷ ನನ್ನ ಮೇಷ್ಟ್ರೊಬ್ಬರ ಪತ್ರ ಬಂತು. ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಏಷ್ಯಾದ ಭಾಷೆಗಳ ವಿಭಾಗವಿತ್ತು. ಅಲ್ಲಿ ಚೀನಿ, ಜಪಾನಿ ಕಲಿಯುವವರೇ ಹೆಚ್ಚು. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಕನ್ನಡಕ್ಕೂ ಒಂದು ಸಣ್ಣ ತರಗತಿ ತೆರೆಯುವವರಿದ್ದರು. ವರ್ಷದ ಅರ್ಧ ಭಾಗ ಇಲ್ಲಿದ್ದು ಜನರ ಮಾತು ಟೇಪ್ ಮಾಡಿ ಪಾಠ ಸಿದ್ಧಪಡಿಸುವ, ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಕಲಿಸುವ ಸಹಾಯಕಿಯೊಬ್ಬಳು ಅವರಿಗೆ ಬೇಕಾಗಿದ್ದಳು. ನನಗೆ ಆಗ ಇಪ್ಪತ್ತನಾಲ್ಕು. ಒಪ್ಪಿಕೊಂಡೆ.

ವಿಭಾಗದ ಮುಖ್ಯಸ್ಥರು ಜಪಾನಿ ಕಲಿಸುವವರು. ಅವರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಭಾಷೆ ಕಲಿಸುವುದರಲ್ಲಿ ಅವರದೇ ಒಂದು ಪದ್ಧತಿಯಿತ್ತು. ಮೊದಲ ಆರು ವಾರ ವಿದ್ಯಾರ್ಥಿಗಳ ಕೈಗೆ ಪುಸ್ತಕ ಕೊಡುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಟೇಪಿನ ಮಾತನ್ನು ಕೇಳಬೇಕು, ಕೇಳಿದ ಹಾಗೆಯೇ ಹೇಳಬೇಕು. ಟೇಪಿನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೇ ಇವರೂ ತೆಗೆದುಕೊಳ್ಳಬೇಕು. ಅರ್ಥ ಆಮೇಲೆ. ನಾನು ಓದಿದ ಕಾಲದಲ್ಲಿ ಭಾಷೆ ಎಂದರೆ ವಿಭಕ್ತಿ ಪ್ರತ್ಯಯಗಳ ಪಟ್ಟಿ. ಹಾಗಾಗಿ ಈ ಪದ್ಧತಿ ನನಗೆ ಹೊಸದಾಗಿತ್ತು, ಹಿಡಿಸಿತು ಕೂಡ.

ಮೊದಲ ಬೇಸಿಗೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಕಡೆ ಬಸ್ಸಿನಲ್ಲಿ ಓಡಾಡಿದೆ. ಯಂತ್ರ ಕಂಡ ಕೂಡಲೇ ಜನರ ಮಾತೇ ಬದಲಾಗುತ್ತಿತ್ತು. ಕೊಟ್ಟೂರಿನ ಕಿರಾಣಿ ಅಂಗಡಿಯವರೊಬ್ಬರು ಗಿರಾಕಿಗಳ ಜೊತೆ ರಸವತ್ತಾಗಿ ಜಗಳ ಆಡುತ್ತಿದ್ದವರು, ಮೈಕು ಮುಂದಿಟ್ಟ ಕೂಡಲೇ ಅಂಗಿಯ ಗುಂಡಿ ಹಾಕಿಕೊಂಡು, "ಮಾನ್ಯರೇ, ನಮ್ಮ ಅಂಗಡಿಯಲ್ಲಿ ಬೇಳೆಕಾಳುಗಳು ದೊರೆಯುತ್ತವೆ" ಎಂದರು.

"ಯಜಮಾನ್ರ, ದಿನಾ ಮಾತಾಡ್ತೀರಲ್ಲ, ಹಂಗ ಮಾತಾಡ್ರಿ" ಎಂದೆ.

"ಹಂಗ ಮಾತಾಡಿದ್ರ ಮಂದಿ ಏನಂತಾರ್ರಿ ಅಕ್ಕೋರ? ಫಾರಿನ್ನಿಗೆ ಹೋಗೋ ಮಾತು!" ಎಂದು ನನ್ನನ್ನೇ ತಿದ್ದಿದರು. ಪಕ್ಕದಲ್ಲಿದ್ದ ಅವರ ಹೆಂಡತಿ, "ನನ್ನ ಬೈಯೋದು ಒಂದೀಟು ಹಾಕ್ರಿ ಅದರಾಗ, ಅಲ್ಲಿ ಮಂದಿಗೂ ತಿಳೀಲಿ ಇವರ ಬಾಯಿ" ಎಂದರು. ಆ ಮಾತು ಚೆನ್ನಾಗಿತ್ತು. ಆದರೆ ನಾನು ಅಷ್ಟರಲ್ಲಿ ಯಂತ್ರ ನಿಲ್ಲಿಸಿದ್ದೆ. ಹರಪನಹಳ್ಳಿಯಲ್ಲಿ ಇನ್ನೂ ದೊಡ್ಡ ಪೆದ್ದುತನ ಮಾಡಿದೆ. ಮುದುಕರೊಬ್ಬರು ಒಂದು ಗಂಟೆ ಮನಸ್ಸು ಬಿಚ್ಚಿ ಮಾತಾಡಿದರು. ರೆಕಾರ್ಡಿಂಗ್ ತಡೆಹಿಡಿಯುವ ಪಾಜ್ ಗುಂಡಿ ಒತ್ತಿದಂತೆಯೇ ಇತ್ತು, ನಾನು ನೋಡಲೇ ಇಲ್ಲ.

ಕಳಿಸಿದ ಟೇಪುಗಳನ್ನು ಮುಖ್ಯಸ್ಥರು ಹಿಂದಕ್ಕೆ ಕಳಿಸಿದರು. ಜೊತೆಗಿದ್ದ ಪತ್ರ ಚಿಕ್ಕದು. ನನಗೆ ಈ ಭಾಷೆ ತಿಳಿಯದು, ಆದರೆ ಇವರೆಲ್ಲ ಯಂತ್ರಕ್ಕೆ ಮಾತಾಡುತ್ತಿದ್ದಾರೆ ಎನ್ನುವುದು ತಿಳಿಯುತ್ತದೆ, ಮನೆಯೊಳಗಿನ ಮಾತು ಬೇಕು, ತಾಯಿ ಮಗನನ್ನು ಊಟಕ್ಕೆ ಕರೆಯುವಂಥದ್ದು, ಮುಂದಿನ ತಿಂಗಳೊಳಗೆ ಕಳಿಸಿ ಎಂದು ಬರೆದಿದ್ದರು. ಹದಿಮೂರು ಪಾಠ ಹೇಗೋ ಆಗಿದ್ದವು, ಹದಿನಾಲ್ಕನೆಯದಕ್ಕೆ ಜಾಗ ಖಾಲಿ ಇತ್ತು.

ನಮ್ಮ ಮನೆಯಿಂದ ಎರಡು ಓಣಿ ಆಚೆ ಉಚ್ಚಂಗೆವ್ವ ಎಂಬುವಳಿದ್ದಳು. ಉಚ್ಚಂಗಿದುರ್ಗದ ಕಡೆಯಿಂದ ಹಡಗಲಿಗೆ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡಿದ್ದ. ನಸುಕಿನಲ್ಲಿ ಎದ್ದು ಬೇರೆಯವರ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ ಬಂದು, ಹಗಲು ಮನೆಯ ಕಟ್ಟೆಯ ಮೇಲೆ ಕೂತು ಹೂವು ಕಟ್ಟುತ್ತಿದ್ದಳು. ಗಂಗವ್ವ ಎಂಬ ಮಗಳು, ಕೊಟ್ರೇಶ ಎಂಬ ಮಗ. ನಾನು ಅವಳನ್ನು ಚಿಗವ್ವ ಎನ್ನುತ್ತಿದ್ದೆ. ಹೆಚ್ಚು ಮಾತಾಡದ ನನ್ನನ್ನು ಅವಳು ಸುಮ್ಮನೆ ಕೂರಲು ಬಿಡುತ್ತಿದ್ದಳು. ಅಂಥ ಮನೆ ನನಗೆ ಊರಿನಲ್ಲಿ ಅದೊಂದೇ.

"ಅಕ್ಕೋರು ಬಾಯಿ ಬಾಡಿಗಿಗೆ ಕೊಟ್ಟು ಬಂದಾರ" ಎಂದು ಕೊಟ್ರೇಶ ತಮಾಷೆ ಮಾಡುತ್ತಿದ್ದ. ಹತ್ತೊಂಬತ್ತು ವರ್ಷದವನು, ತಾಯಿ ಕಟ್ಟಿದ ಹೂವನ್ನು ಬುಟ್ಟಿಯಲ್ಲಿಟ್ಟು ಸೈಕಲ್ ಮೇಲೆ ಬಸ್ ಸ್ಟ್ಯಾಂಡಿಗೆ ಒಯ್ಯುತ್ತಿದ್ದವನು.

"ಲೇ, ನಿನ್ನ ಬಾಯಿ ಅರ್ಧ ಅವರಿಗೆ ಕೊಡು, ನಿನಗ ಹೆಚ್ಚಾಗೈತಿ" ಎಂದು ತಾಯಿ ಗದರಿಸುತ್ತಿದ್ದಳು.

ಮುಖ್ಯಸ್ಥರ ಪತ್ರ ಬಂದ ಮೂರನೆಯ ವಾರ ಕೊಟ್ರೇಶ ಗೆಳೆಯರ ಜೊತೆ ಮಾಗಳಕ್ಕೆ ಹೋದವನು ಹೊಳೆಯಲ್ಲಿ ಈಜಲು ಇಳಿದು ಮುಳುಗಿದ. ನಾನು ಅಂದು ಕೂಡ್ಲಿಗಿಯಲ್ಲಿ ಕೆಲಸ ಮುಗಿಸಿ ಬಸ್ಸಿಳಿದಾಗ ಸುದ್ದಿ ತಿಳಿಯಿತು. ಮನೆಗೆ ಹೋಗದೆ, ಹೆಗಲಿಗೆ ಚೀಲ ಹಾಕಿಕೊಂಡೇ ಅಲ್ಲಿಗೆ ಹೋದೆ. ಚೀಲದಲ್ಲಿ ಟೇಪ್ ರೆಕಾರ್ಡರ್ ಇತ್ತು.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಬರಿದೇ ಅಳುವುದಿಲ್ಲ, ಮಾತು ಕಟ್ಟಿ, ರಾಗ ಹಿಡಿದು ಅಳುತ್ತಾರೆ. ಸತ್ತವರನ್ನು ಬದುಕಿದ್ದವರಂತೆ ಕರೆಯುತ್ತಾರೆ, ಬೈಯುತ್ತಾರೆ, ಏಳು ಎನ್ನುತ್ತಾರೆ. ಅದನ್ನು ಯಾರೂ ಕಲಿಸುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಗೆ ತರುವುದೂ ಇಲ್ಲ. ಉಚ್ಚಂಗೆವ್ವ ಮಗನ ತಲೆಯ ಬಳಿ ಕೂತು ಅಳುತ್ತಿದ್ದಳು.

"ಏಳೋ ನನ್ನಪ್ಪಾ, ಕೊಟ್ರಾ, ನೀ ಉಂಡೆದ್ದ ತಾಟು ಇನ್ನಾ ತೊಳದಿಲ್ಲೋ... ಹೂವಿನ ಬುಟ್ಟಿ ಕಟ್ಟಿ ಮ್ಯಾಲೈತೋ, ಬಸ್ಸಿಗೆ ಹೊತ್ತಾತೋ... ಕರದ್ರ ಓ ಅನ್ನೋ ಹುಡುಗ, ಇವತ್ಯಾಕ ಓ ಅನ್ನವಲ್ಲಿ, ಕೊಟ್ರಾ..."

ನಾನು ಹೆಂಗಸರ ನಡುವೆ ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಚೀಲದೊಳಗೆ ಕೈ ಹಾಕಿ ಯಂತ್ರ ಶುರು ಮಾಡಿದೆ. ಕೈ ತಾನಾಗಿ ಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಯಂತ್ರದಲ್ಲಿ ಧ್ವನಿ ಹಿಡಿಯಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಹುಡುಕಿ ಒತ್ತಿದ್ದೆ. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ ಏಳಲಿಲ್ಲ.

ಆ ಟೇಪನ್ನು ಕಳಿಸಬಾರದು ಎಂದೇ ಹತ್ತು ದಿನ ಇಟ್ಟುಕೊಂಡಿದ್ದೆ. ಗಡುವು ಹತ್ತಿರ ಬಂತು. ಬೇರೆ ಯಾವ ಟೇಪಿನಲ್ಲೂ ಯಂತ್ರವನ್ನು ಮರೆತು ಮಾತಾಡಿದ ದನಿ ಇರಲಿಲ್ಲ. ಅಷ್ಟೇ ಆಗಿದ್ದರೆ ಅದು ಒಂದು ತಪ್ಪು. ನಾನು ಎರಡನೆಯದನ್ನೂ ಮಾಡಿದೆ. ಜೊತೆಗೆ ಕಳಿಸಬೇಕಾದ ಹಾಳೆಯಲ್ಲಿ ಪಾಠದ ಹೆಸರನ್ನು 'ತಾಯಿ ಮಗನನ್ನು ಊಟಕ್ಕೆ, ಕೆಲಸಕ್ಕೆ ಎಬ್ಬಿಸುತ್ತಾಳೆ' ಎಂದು ಟೈಪ್ ಮಾಡಿದೆ. ಆರಿಸಿಕೊಂಡ ನಾಲ್ಕು ನಿಮಿಷದಲ್ಲಿ ಬೇರೆಯವರ ಅಳು ಕೇಳುತ್ತಿರಲಿಲ್ಲ. ಸಾವಿನ ಮಾತು ಬಂದಲ್ಲಿ ಕತ್ತರಿಸಿದ್ದೆ. ದನಿಯ ನಡುಕಕ್ಕೆ, 'ಈ ಸೀಮೆಯ ಹೆಂಗಸರು ಮಕ್ಕಳನ್ನು ರಾಗವಾಗಿ ಕರೆಯುವುದುಂಟು' ಎಂದು ಅಡಿಟಿಪ್ಪಣಿ ಬರೆದೆ. ನಾನು ಬರೆದ ಅಡಿಟಿಪ್ಪಣಿಗಳಲ್ಲಿ ಎಲ್ಲರೂ ಮೆಚ್ಚಿದ್ದು ಅದೊಂದನ್ನೇ.

ಆ ಚಳಿಗಾಲ ಅಲ್ಲಿಗೆ ಹೋದೆ. ಭಾಷಾ ಲ್ಯಾಬಿನಲ್ಲಿ ಮರದ ಹಲಗೆಗಳ ನಡುವೆ ಸಣ್ಣ ಸಣ್ಣ ಗೂಡುಗಳಿದ್ದವು. ಕಿಟಕಿಯ ಕಡೆಯ ಸಾಲು ಜಪಾನಿಯವರದು, ಗೋಡೆಯ ಕಡೆ ನನ್ನ ಆರು ಜನ. ಟೇಪಿನ ದನಿ ಹೆಡ್‌ಫೋನ್ ಹಾಕಿದವರಿಗೆ ಮಾತ್ರ ಕೇಳುತ್ತದೆ. ಹೊರಗೆ ನಿಂತ ನನಗೆ ಕೇಳುತ್ತಿದ್ದದ್ದು ಅವರ ದನಿ ಮಾತ್ರ. ಏಳೋ ನನ್ನಪ್ಪಾ. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು. ಉಚ್ಚಂಗೆವ್ವ ಬಿಕ್ಕಿದಲ್ಲಿ ಆರೂ ಜನ ಬಿಕ್ಕುತ್ತಿದ್ದರು, ಪದ್ಧತಿ ಹಾಗಿತ್ತು. ನಾನು ಸಾಲಿನ ನಡುವೆ ನಡೆಯುತ್ತ ಉಚ್ಚಾರ ತಿದ್ದಿದೆ. ಮುಖ್ಯಸ್ಥರು ಬಾಗಿಲಲ್ಲಿ ನಿಂತು ಕೇಳಿ, ಮೊದಲ ಸಲ ನನ್ನ ಕೆಲಸವನ್ನು ಹೊಗಳಿದರು. ಈ ಒಂದು ಪಾಠದಲ್ಲಿ ಇವರು ಮನಸ್ಸಿನಲ್ಲೇ ಭಾಷಾಂತರ ಮಾಡಿಕೊಳ್ಳುವುದನ್ನು ಮರೆತಿದ್ದಾರೆ ಎಂದರು. ಒಳ್ಳೆಯ ಮನುಷ್ಯ. ಸತ್ಯ ಹೇಳಿದ್ದರೆ ಅಂದೇ ಆ ಟೇಪನ್ನು ತೆಗೆಸುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಹೇಳಲಿಲ್ಲ.

ಆರು ಜನರಲ್ಲಿ ಮಾರ್ತಾ ಎಂಬ ಹುಡುಗಿ ಜಪಾನಿ ಓದಿ ಕನ್ನಡಕ್ಕೆ ಬಂದವಳು. ಅವಳ ಕಿವಿ ಅಪರೂಪದ್ದು. ಮಾರನೆಯ ವರ್ಷ ಎರಡು ತಿಂಗಳಿಗೆಂದು ಹಡಗಲಿಗೆ ಬಂದಳು. ಹೂವಿನ ಪೇಟೆಯಲ್ಲಿ, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಅವಳ ಮಾತು ಕೇಳಿ ಜನ ತಿರುಗಿ ನೋಡುತ್ತಿದ್ದರು. "ಅಕ್ಕೋರ, ಈ ಹುಡುಗಿ ನಿಮಗಿಂತ ಚಲೋ ಮಾತಾಡ್ತಾಳ ನಮ್ಮ ಮಾತು" ಎಂದು ಉಚ್ಚಂಗೆವ್ವನೇ ಒಂದು ದಿನ ನಕ್ಕಳು. ಮಗ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ.

ಆ ದಿನಗಳಲ್ಲಿ ಗಂಗವ್ವ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಮಗು. ತೊಟ್ಟಿಲಿಗೆ ಹಾಕಿ, ಸೋದರಮಾವನ ಹೆಸರು, ಕೊಟ್ರೇಶ ಎಂದೇ ಇಡುವುದೆಂದು ನಿಶ್ಚಯವಾಗಿತ್ತು. ಉಚ್ಚಂಗೆವ್ವ ನಮ್ಮ ಮನೆಗೇ ಬಂದು ಹೇಳಿದಳು. "ಆ ಹೆಸರು ಕರದು ವರ್ಷದ ಮ್ಯಾಲಾತು. ಬಾಯಿ ಒಣಗೇತಿ. ನೀವೂ ಬರ್ರಿ, ಆ ಹುಡುಗಿನ್ನೂ ಕರಕೊಂಡು ಬರ್ರಿ."

ಅಂದು ಮನೆ ತುಂಬ ಹೆಂಗಸರು. ಬಂದವರಿಗೆ ಹಂಚಲು ಬೇಯಿಸಿದ ಕಾಳಿನ ಗುಗ್ಗರಿ ಒಳಗೆ ಸಿದ್ಧವಾಗಿತ್ತು. ತೊಟ್ಟಿಲ ಹಗ್ಗ ಹಿಡಿದು ಒಬ್ಬೊಬ್ಬರೇ ಜೋಗುಳ ಹಾಡಿದರು. ಪಕ್ಕದ ಮನೆಯ ಸಾವಂತ್ರವ್ವ ಮಾರ್ತಾಳ ಕೈಗೆ ಹಗ್ಗ ಕೊಟ್ಟು, "ಏ ಬಿಳಿ ಹುಡುಗಿ, ಒಂದು ಹಾಡು ಹೇಳು. ಪುಗಸಟ್ಟೆ ಗುಗ್ಗರಿ ತಿಂದು ಹೋಗ್ತಿಯೇನು?" ಎಂದಳು. ಎಲ್ಲರೂ ನಕ್ಕರು.

ಮಾರ್ತಾ ನನ್ನ ಕಡೆ ನೋಡಿದಳು. "ಮಗನನ್ನು ತಾಯಿ ಕರೆಯೋದು ಬರತೈತಿ ನನಗ. ಹೇಳಲೇನ್ರಿ?" ಎಂದಳು.

ಆ ಕ್ಷಣ ನನಗೆ ಎಲ್ಲವೂ ಗೊತ್ತಾಯಿತು. ಬೇಡ ಎನ್ನಲು ಒಂದು ಮಾತು ಸಾಕಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ ಎಂಬ ಹೆದರಿಕೆಯಲ್ಲಿ ಸುಮ್ಮನಿದ್ದೆ. ಸುಮ್ಮನಿದ್ದುದನ್ನು ಅವಳು ಒಪ್ಪಿಗೆ ಎಂದುಕೊಂಡಳು.

ತೊಟ್ಟಿಲು ತೂಗುತ್ತ, ಮಗುವಿನ ಮುಖ ನೋಡುತ್ತ ಅವಳು ಶುರು ಮಾಡಿದಳು. "ಏಳೋ ನನ್ನಪ್ಪಾ, ಕೊಟ್ರಾ..."

ಮೊದಲು ಯಾರೋ ನಕ್ಕರು. ಆಮೇಲೆ ಬಳೆಗಳ ಸದ್ದು ಕೂಡ ನಿಂತಿತು. ಮಾರ್ತಾ ತಲೆ ಎತ್ತಲಿಲ್ಲ. ತಾಟು, ಬುಟ್ಟಿ, ಬಸ್ಸು, ಎಲ್ಲವನ್ನೂ ಹೇಳಿದಳು. ಬಿಕ್ಕಬೇಕಾದಲ್ಲಿ ಬಿಕ್ಕಿದಳು. ಒಳಗಿನಿಂದ ಗುಗ್ಗರಿಯ ಬುಟ್ಟಿ ತರುತ್ತಿದ್ದ ಉಚ್ಚಂಗೆವ್ವ ಹೊಸ್ತಿಲಲ್ಲೇ ನಿಂತಿದ್ದಳು. ಗಂಗವ್ವ ಎದ್ದು ಬಂದು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು. ಆಗ ಮಾರ್ತಾ ನಿಲ್ಲಿಸಿದಳು.

"ಯಾರು ಕಲಿಸಿದ್ರವ್ವಾ ನಿನಗ ಇದನ್ನ?" ಉಚ್ಚಂಗೆವ್ವನ ದನಿ ಏರಿರಲಿಲ್ಲ.

"ಟೇಪಿನೊಳಗ ಐತ್ರಿ ಅಜ್ಜಿ. ಹದಿನಾಲ್ಕನೇ ಪಾಠ" ಎಂದಳು ಮಾರ್ತಾ. ನಮ್ಮಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ನನ್ನ ಮುಖ ನೋಡಿದಳು.

ಉಚ್ಚಂಗೆವ್ವನೂ ನನ್ನನ್ನು ನೋಡಿದಳು. "ನನ್ನ ಅಳು ಅದು" ಎಂದಳು, ಅಷ್ಟೇ. ಸಾವಂತ್ರವ್ವ ಉಪ್ಪು, ಮೆಣಸಿನಕಾಯಿ ತಂದು ಮಗುವಿಗೆ ನಿವಾಳಿಸಿದಳು. ತೊಟ್ಟಿಲು ಬಿಚ್ಚಿದರು. ಹೆಂಗಸರು ಗುಗ್ಗರಿ ತೆಗೆದುಕೊಳ್ಳದೆ ಎದ್ದರು. ಹದಿನೈದು ದಿನ ಬಿಟ್ಟು ಬೇರೆ ಮನೆಯ ತೊಟ್ಟಿಲು ತಂದು ಮತ್ತೆ ಹಾಕಿದರಂತೆ. ಮಗುವಿಗೆ ಬಸವರಾಜ ಎಂದು ಹೆಸರಿಟ್ಟರಂತೆ. ಸತ್ತವರನ್ನು ಕರೆದ ಮಾತು ಬಿದ್ದ ಹೆಸರು ಬೇಡ ಎಂದು ಗಂಗವ್ವನ ಅತ್ತೆ ಪಟ್ಟು ಹಿಡಿದಿದ್ದರು.

ಮಾರ್ತಾ ಆ ಸಂಜೆ ನನ್ನನ್ನು ಕೇಳಿದ್ದು ಒಂದೇ. "ಹಾಳೆಯಲ್ಲಿ ಯಾಕೆ ಹಾಗೆ ಬರೆದಿರಿ?" ವಾರದೊಳಗೆ ತನ್ನ ದೇಶಕ್ಕೆ ಹೊರಟಳು. ಆಮೇಲೆ ಜಪಾನಿ ಭಾಷೆಯ ಓದಿಗೇ ಮರಳಿದಳು. ಅಷ್ಟು ಒಳ್ಳೆಯ ಕನ್ನಡದ ಕಿವಿ ಮತ್ತೆ ನನ್ನ ತರಗತಿಗೆ ಬರಲಿಲ್ಲ.

ಕೆಲವು ದಿನ ಬಿಟ್ಟು ನಾನು ಯಂತ್ರವನ್ನೂ ನನ್ನ ಬಳಿಯಿದ್ದ ಕ್ಯಾಸೆಟ್ಟನ್ನೂ ತೆಗೆದುಕೊಂಡು ಉಚ್ಚಂಗೆವ್ವನ ಮನೆಗೆ ಹೋದೆ. ಕಟ್ಟೆಯ ಮೇಲೆ ಹೂವು ಕಟ್ಟುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಹಚ್ರಿ" ಎಂದಳು.

ಹಚ್ಚಿದೆ. ಪೂರ್ತಿ ಕೇಳಿದಳು. ಕೈ ಮಾತ್ರ ಹೂವು ಕಟ್ಟುತ್ತಲೇ ಇತ್ತು. "ಇಷ್ಟೆಲ್ಲಾ ಅಂದಿದ್ನೇನು? ತಾಟಿನ ಮಾತು ನನಗ ನೆನಪ ಇಲ್ಲ" ಎಂದಳು. ಆಮೇಲೆ, "ಇದನ್ನ ಅಳಿಸಾಕ ಬರತೈತೇನು?" ಎಂದು ಕೇಳಿದಳು.

ಅಳಿಸುವುದೆಂದರೆ ಖಾಲಿಯಾಗಿ ಮತ್ತೆ ರೆಕಾರ್ಡ್ ಮಾಡುವುದು. ಮೈಕು ತೆಗೆದು, ಅವಳ ಮುಂದೆಯೇ ಅದೇ ಎರಡು ಗುಂಡಿ ಒತ್ತಿದೆ. ಅವಳು ಅತ್ತಷ್ಟೇ ಹೊತ್ತು ಹಿಡಿಯಿತು. ಇಬ್ಬರೂ ಚಕ್ರ ತಿರುಗುವುದನ್ನು ನೋಡುತ್ತ ಕೂತೆವು. ನಿಂತ ಮೇಲೆ, "ಮುಗೀತಲ್ಲ?" ಎಂದಳು.

"ಹೂಂ" ಎಂದೆ.

ಪಾಠಕ್ಕೆಂದು ಕಳಿಸಿದ ನಾಲ್ಕು ನಿಮಿಷದ ಪ್ರತಿ ಅಲ್ಲಿದೆ, ಅದರಿಂದ ಹತ್ತಾರು ಪ್ರತಿಗಳಾಗಿವೆ, ಬೇರೆ ವಿಶ್ವವಿದ್ಯಾಲಯಗಳಿಗೂ ಹೋಗಿವೆ ಎಂದು ನಾನು ಹೇಳಲಿಲ್ಲ. ಅವಳಿಗೆ ಪ್ರತಿ ಎನ್ನುವುದೇ ಗೊತ್ತಿರಲಿಲ್ಲ. ಅವಳ ಅಳು ಆ ಒಂದು ಡಬ್ಬಿಯಲ್ಲಿತ್ತು, ಈಗ ಇಲ್ಲ. ಅವಳು ನನ್ನನ್ನು ಕ್ಷಮಿಸಿದ್ದು ಆ ನಂಬಿಕೆಯ ಮೇಲೆ. ಏಳುವಾಗ ಒಂದು ಮಾರು ಹೂವು ಹರಿದು ಕೊಟ್ಟಳು. ತೆಗೆದುಕೊಂಡು ಬಂದೆ. ಆಮೇಲೂ ಎಷ್ಟೋ ವರ್ಷ ಅವಳ ಕಟ್ಟೆಯ ಮೇಲೆ ಕೂತೆ, ಅವಳು ಕೊಟ್ಟ ಹೂವು ಮುಡಿದೆ, ಚಳಿಗಾಲ ಬಂದಾಗ ಅಲ್ಲಿಗೆ ಹೋಗಿ ಹದಿನಾಲ್ಕನೆಯ ಪಾಠ ಮಾಡಿದೆ. ಕೆಲಸವನ್ನು ಪ್ರತಿವರ್ಷ ನವೀಕರಿಸುತ್ತಿದ್ದರು. ಹಾಳೆಯಲ್ಲಿ ಸುಳ್ಳು ಬರೆದದ್ದು ತಿಳಿದರೆ ನವೀಕರಿಸುತ್ತಿರಲಿಲ್ಲ. ನನ್ನ ಮೌನಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಕೊನೆಗೆ ಹೇಗೆ ಬಿಟ್ಟೆ ಎಂದರೆ, ಒಂದು ಚಳಿಗಾಲದಲ್ಲಿ ಹೊಸ ವಿದ್ಯಾರ್ಥಿಯೊಬ್ಬ ಲ್ಯಾಬಿನಲ್ಲಿ ಹೆಡ್‌ಫೋನ್ ತೆಗೆದಿಟ್ಟು, ಈ ಹೆಂಗಸು ಅಳುತ್ತಿದ್ದಾಳೆ, ಯಾರೋ ಸತ್ತಿದ್ದಾರೆ ಎಂದ. ಅವನು ಕನ್ನಡ ಶುರು ಮಾಡಿ ಆರು ವಾರವೂ ಆಗಿರಲಿಲ್ಲ. ನಾನು ಅಡಿಟಿಪ್ಪಣಿ ತೋರಿಸಿದೆ. ಓದಿ, ಮತ್ತೆ ಹೆಡ್‌ಫೋನ್ ಹಾಕಿಕೊಂಡ. ಅವನ ಕಿವಿ ಸರಿಯಾಗಿ ಕೇಳಿದ್ದನ್ನು ನಾನು ಸುಳ್ಳು ಮಾಡಿದ್ದೆ. ಕಲಿಸುವವಳು ಮಾಡಬಾರದ ಕೆಲಸ ಅದು. ಆ ವಾರವೇ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದು, ರಾಜೀನಾಮೆಯನ್ನೂ ಜೊತೆಗಿಟ್ಟೆ. ಅವರ ಉತ್ತರದಲ್ಲಿ ಬೈಗುಳವಿರಲಿಲ್ಲ. ನಮ್ಮಲ್ಲಿರುವ ಪ್ರತಿಗಳನ್ನು ತೆಗೆಸಿದ್ದೇನೆ, ಹೊರಗೆ ಹೋದವು, ವಿದ್ಯಾರ್ಥಿಗಳು ಮನೆಗೆ ಒಯ್ದವು ನನ್ನ ಕೈಯಲ್ಲಿಲ್ಲ, ಆ ತಾಯಿಗೆ ನೀವೇ ಹೇಳಬೇಕು ಎಂದಿದ್ದರು.

ಊರಿಗೆ ಬಂದ ಮೇಲೂ ಎರಡು ತಿಂಗಳು ತಡ ಮಾಡಿ, ಹೇಳಲು ಹೋದೆ. ಉಚ್ಚಂಗೆವ್ವನಿಗೆ ಕಣ್ಣು ಮಂಜಾಗಿತ್ತು, ಹೂವನ್ನು ಬೆರಳಿನ ಅಂದಾಜಿನಲ್ಲೇ ಕಟ್ಟುತ್ತಿದ್ದಳು. ಪ್ರತಿ ಎಂದರೇನು ಎಂದು ಬಿಡಿಸಿ ಹೇಳಿದೆ. ಒಂದು ಟೇಪಿನಿಂದ ಇನ್ನೊಂದು ಮಾಡಬಹುದು, ಅಂದು ಅಳಿಸಿದ್ದು ಒಂದನ್ನು ಮಾತ್ರ, ಉಳಿದವು ಎಲ್ಲೆಲ್ಲಿವೆಯೋ ನನಗೂ ಗೊತ್ತಿಲ್ಲ ಎಂದೆ. ಅವತ್ತೇ ಇದು ನನಗೆ ಗೊತ್ತಿತ್ತು ಎಂದೂ ಹೇಳಿದೆ.

ಕೈ ನಿಂತಿತು. ಅರ್ಧ ಕಟ್ಟಿದ ಮಾಲೆಯನ್ನು ಬುಟ್ಟಿಯಲ್ಲಿಟ್ಟು ಕೇಳಿದಳು. "ಆ ಹುಡುಗ್ರು ಅವನ ಹೆಸರು ತಗೋತಾರೇನು?"

"ತಗೋತಾರ ಚಿಗವ್ವ."

"ಕೊಟ್ರಾ ಅಂತಾರ?"

"ಕೊಟ್ರಾ ಅಂತಾರ."

"ಸರಿಯಾಗಿ ಅಂತಾರೇನು, ನಾ ಕರದಂಗ?"

"ಹೂಂ. ನೀ ಕರದಂಗ."

ಅವಳು ತಲೆಯಾಡಿಸಿದಳು. ಒಳಗೆ, ಶಾಲೆಗೆಂದು ಅಜ್ಜಿಯ ಮನೆಯಲ್ಲೇ ಇದ್ದ ಮೊಮ್ಮಗ ಬಸವರಾಜ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದ. ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಉಡಿಯಲ್ಲಿದ್ದ ಮೊಗ್ಗುಗಳನ್ನು ಬುಟ್ಟಿಗೆ ಹಾಕಿ, ಗೋಡೆ ಹಿಡಿದು ಎದ್ದಳು.

"ಅವರು ಕರೀಲಿ" ಎಂದಳು. "ನೀವು ಮಾತ್ರ ಇನ್ನ ಮ್ಯಾಲೆ ನಮ್ಮ ಮನಿಗೆ ಬರಬ್ಯಾಡ್ರಿ ಅಕ್ಕೋರ."

ಹೋಗಿಲ್ಲ.